ಪುಟ್ಟನ ಕತ್ತಿನ ಫೋಟೋ ನೋಡಿ

ಹಲೋ ಪುಟ್ಟಾ, ಮಾವ ಮಾತಾಡ್ತಿರೋದು. ಟೈಪ್ ಮಾಡೋಕೆ ಕನ್ನಡಕ ಹುಡುಕ್ಬೇಕು, ಬಾಯಲ್ಲೇ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಆಗತ್ತೆ, ಊಟ ಮಾಡ್ತಾ ಕೇಳು.

ಬೆಳಗ್ಗೆ ನೀನು ಹಾಕಿದ್ದ ಫೋಟೋ ನೋಡ್ದೆ. ದವಡೆ ಕೆಳಗೆ ಕೆಂಪಗೆ, ಹೊಟ್ಟು ಹೊಟ್ಟಾಗಿ, ಎರಡು ಕಡೆ ಬ್ಲೇಡ್ ತಾಗಿರೋ ಗೆರೆ. ಹೊಸ ಕೆಲಸದಲ್ಲಿ ದಿನಾ ನುಣ್ಣಗೆ ಶೇವ್ ಮಾಡ್ಕೊಂಡೇ ಬರ್ಬೇಕಂತೆ, ನಿಂಗೂ ಇಸುಬು ಇತ್ತಲ್ಲ, ಏನ್ ಮಾಡ್ತಿದ್ದೆ ಅಂತ ಕೇಳಿದ್ದೀಯ. ಅದ್ರ ಕೆಳಗೆ ದೊಡ್ಡಮ್ಮ ಅರಿಶಿನಕ್ಕೆ ನಿಂಬೆರಸ ಕಲ್ಸಿ ಹಚ್ಚು, ಬದನೆಕಾಯಿ ಬಿಡು ಅಂದಿದಾರೆ. ಭಾವ ಮೆಡಿಕಲ್ ಶಾಪಿಂದ ತಂದ ಟ್ಯೂಬಿನ ಫೋಟೋ ಹಾಕಿದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಮೊದ್ಲು ಆ ಟ್ಯೂಬಿನ ವಿಷ್ಯನೇ ಹೇಳ್ತೀನಿ. ಯಾಕಂದ್ರೆ ನಾನು ಕೆಟ್ಟಿದ್ದೇ ಅದ್ರಿಂದ.

ಆಗ ನಂಗೆ ಇಪ್ಪತ್ನಾಲ್ಕು. ಸೇಲ್ಸ್ ಕೆಲಸ, ಟೈ ಕಟ್ಕೊಂಡು ಊರೂರು ಸುತ್ತೋದು. ಸಂಜೆ ಶರ್ಟ್ ಬಿಚ್ಚಿದ್ರೆ ಕಾಲರ್ ಒಳಗಡೆ ರಕ್ತದ ಚುಕ್ಕಿ. ಬಸ್ ಸ್ಟ್ಯಾಂಡ್ ಹತ್ರ ಅಂಗಡೀಲಿ ಕತ್ತು ತೋರ್ಸ್ದೆ, ಒಂದು ಟ್ಯೂಬ್ ಕೊಟ್ಟ. ಎರಡೇ ದಿನ, ಚರ್ಮ ಮಗು ಕೆನ್ನೆ ಥರ ಆಯ್ತು! ಬಿಟ್ಟ ವಾರಕ್ಕೆ ಮತ್ತೆ ಕೆರೆತ. ಮತ್ತೆ ಟ್ಯೂಬ್. ಹಿಂಗೇ ಎಂಟು ತಿಂಗಳು. ಆಮೇಲಾಮೇಲೆ ಬಿಸಿಲಿಗೆ ಹೋದ್ರೆ ಮೆಣಸಿನಪುಡಿ ಎರಚಿದ ಹಾಗೆ ಉರಿಯೋದು, ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ನರ ಎದ್ದು ಕಾಣೋದು. ಕೊನೆಗೆ ಬೌರಿಂಗ್ ಆಸ್ಪತ್ರೆ ಚರ್ಮದ ವಿಭಾಗಕ್ಕೆ ಹೋಗಿ ಕ್ಯೂ ನಿಂತೆ. ಡಾಕ್ಟರಮ್ಮ ಮುಖ ನೋಡಿದ್ದೇ ತಡ, "ಯಾವ ಟ್ಯೂಬು, ಎಷ್ಟು ದಿನದಿಂದ?" ಅಂದ್ರು. ನಾನಿನ್ನೂ ಬಾಯೇ ಬಿಟ್ಟಿರ್ಲಿಲ್ಲ.

ಅಂಥ ಟ್ಯೂಬಲ್ಲಿ ಇರೋದು ಸ್ಟೀರಾಯ್ಡ್ ಕಣೋ, ಕೆಂಪು ಕೆರೆತ ಬೇಗ ಅಡಗಿಸೋ ಔಷಧಿ. ಕ್ಲೋಬೆಟಸಾಲ್, ಬೆಟಾಮೆಥಸೋನ್ ಅಂತ ಬರ್ದಿರತ್ತೆ, ಜೊತೆಗೆ ಹುಳುಕಡ್ಡಿ ಔಷಧಿ, ಆಂಟಿಬಯಾಟಿಕ್ ಎಲ್ಲ ಸೇರ್ಸಿ ಒಂದು ಚಿತ್ರಾನ್ನ. ಅಂಗಾಲು, ಅಂಗೈ ದಪ್ಪ ಚರ್ಮಕ್ಕೆ ಡಾಕ್ಟರು ಕೊಡೋ ಅಷ್ಟು ಜೋರಿಂದು, ತೆಳ್ಳಗಿರೋ ಮುಖಕ್ಕೆ ತಿಂಗಳುಗಟ್ಲೆ ಹಚ್ಚಿದ್ರೆ ಚರ್ಮ ಸವೆದು ಹೋಗತ್ತೆ. ಸ್ಟೀರಾಯ್ಡೇ ಕೆಟ್ಟದ್ದು ಅಂತ ಅಲ್ಲ. ಡಾಕ್ಟರು ಮುಖಕ್ಕೆ ಅಂತ ಸೌಮ್ಯವಾಗಿರೋದು ಕೆಲವೇ ದಿನಕ್ಕೆ ಬರ್ಕೊಡ್ತಾರೆ, ಇಲ್ಲ ಟ್ಯಾಕ್ರೊಲಿಮಸ್ ಅಂತ ಸ್ಟೀರಾಯ್ಡ್ ಅಲ್ಲದ ಮುಲಾಮು ಕೊಡ್ತಾರೆ. ಅದು ಮೊದಮೊದಲು ಸ್ವಲ್ಪ ದಿನ ಉರಿಯಬಹುದು, ಆಮೇಲೆ ಹೊಂದ್ಕೊಳತ್ತೆ. ಇನ್ನೊಂದು, ನಿಂದು ಇಸುಬೋ ಹುಳುಕಡ್ಡಿಯೋ ಫೋಟೋದಲ್ಲಿ ಹೇಳಕ್ಕಾಗಲ್ಲ. ಸಲೂನ್ ಕತ್ತಿಯಿಂದ ಗಡ್ಡಕ್ಕೂ ಹುಳುಕಡ್ಡಿ ಬರತ್ತೆ. ಅದಕ್ಕೆ ಬರೀ ಸ್ಟೀರಾಯ್ಡ್ ಹಚ್ಚಿದ್ರೆ ಮೇಲೆ ಕೆಂಪು ಕಮ್ಮಿ ಆಗಿ ಒಳಗೊಳಗೇ ಹರಡತ್ತೆ. ಅದಕ್ಕೇ ಒಂದ್ಸಲ ತೋರ್ಸು.

ಈಗ ಶೇವಿಂಗ್. ಹಳೇ ಮನೆ ಗೋಡೇಲಿ ಸುಣ್ಣ ಉದುರ್ತಿರತ್ತೆ ನೋಡು, ನಮ್ಮ ಚರ್ಮ ಹಂಗೆ. ಒಳಗಿನ ನೀರು ಹಿಡ್ಕೊಳಲ್ಲ, ಹೊರಗಿನ ಸೋಪು ಸೆಂಟನ್ನ ತಡೆಯಲ್ಲ. ಅಜ್ಜಿಗೆ ಉಬ್ಬಸ, ಅಕ್ಕಂಗೆ ಬೆಳಗ್ಗೆ ಎದ್ರೆ ಇಪ್ಪತ್ತು ಸೀನು, ನಂಗೆ ನಿಂಗೆ ಕತ್ತು, ಎಲ್ಲ ಅಲರ್ಜಿ ಅನ್ನೋ ಒಂದೇ ಬಳ್ಳಿ ಕಾಯಿ. ಅಂಥ ಗೋಡೇನ ದಿನಾ ಬ್ಲೇಡಲ್ಲಿ ಹೆರೆದ್ರೆ ಕೂದಲಿನ ಜೊತೆ ಮೇಲ್ಪದರಾನೂ ಹೋಗತ್ತೆ.

ಈಗ ಗಾಯ ಹಸಿ ಇರೋವಾಗ ಬ್ಲೇಡ್ ಮುಟ್ಲೇಬೇಡ. ಟ್ರಿಮ್ಮರ್ ತಗೋ, ಒಂದು ಮಿಲಿಮೀಟರ್ ಬಿಟ್ಟು ಹೊಡಿ. ಮೂರಡಿ ದೂರದಿಂದ ಶೇವ್ ಮಾಡಿದ ಹಾಗೇ ಕಾಣತ್ತೆ, ನಿಮ್ಮ ಮ್ಯಾನೇಜರ್ ಏನು ಟಾರ್ಚ್ ಹಾಕಿ ನೋಡ್ತಾನಾ? ನೋಡಿದ್ರೆ ಡಾಕ್ಟರ ಹತ್ರ ಒಂದು ಚೀಟಿ ಬರ್ಸ್ಕೊಂಡು ಕೊಡು, ನಾಚ್ಕೋಬೇಡ.

ವಾಸಿ ಆದ್ಮೇಲೆ, ಸ್ನಾನ ಆಗಿ ಗಡ್ಡ ನೆಂದಿರೋವಾಗ್ಲೇ ಮಾಡ್ಕೋ. ಬೆಚ್ಚಗಿನ ನೀರು ಸಾಕು, ಹಂಡೆ ನೀರು ಸುಡ್ತಾ ಸುರ್ಕೊಬೇಡ. ನೊರೆ ಉಕ್ಕಿ ಘಮ್ ಅನ್ನೋ ಕ್ರೀಮ್ ಬಿಡು, ವಾಸನೆ ಇಲ್ದಿರೋದು ತಗೊಂಡು ದಪ್ಪಗೆ ಹಚ್ಚಿ ಎರಡು ನಿಮಿಷ ಸುಮ್ನೆ ನಿಲ್ಲು. ಯಾವ ಹೊಸ ಕ್ರೀಮಾದ್ರೂ ಮೊದ್ಲು ಮೊಣಕೈ ಒಳಭಾಗಕ್ಕೆ ಒಂದು ವಾರ ಹಚ್ಚಿ ನೋಡು.

ಆಮೇಲೆ ಕೂದಲಿನ ದಿಕ್ಕು. ಇದನ್ನ ಆ ಡಾಕ್ಟರಮ್ಮನೇ ಹೇಳ್ಕೊಟ್ಟಿದ್ದು. ನಾಲ್ಕು ದಿನ ಗಡ್ಡ ಬಿಟ್ಟು, ಕನ್ನಡಿ ಮುಂದೆ ನಿಂತು ಬೆರಳು ಸವರು. ಮೆತ್ತಗೆ ಜಾರಿದ್ರೆ ಅದು ದಿಕ್ಕು, ಚುಚ್ಚಿದ್ರೆ ಎದುರು. ಕೆನ್ನೇಲಿ ಕೆಳಮುಖ ಇರತ್ತೆ, ಕತ್ತಲ್ಲಿ ದೇವರಿಗೇ ಗೊತ್ತು. ನಂಗೆ ಎಡಗಡೆ ಕತ್ತಲ್ಲಿ ತಲೇಲಿ ಇರೋ ಹಾಗೆ ಒಂದು ಸುಳಿ ಇದೆ! ಇಪ್ಪತ್ನಾಲ್ಕು ವರ್ಷ ಅದು ಗೊತ್ತೇ ಇರ್ಲಿಲ್ಲ, ಕೆಳಗಿಂದ ಮೇಲಕ್ಕೆ ಎಳೆದೂ ಎಳೆದೂ ಅಲ್ಲೇ ಕಿತ್ಕೊಳ್ತಿದ್ದೆ. ದಿಕ್ಕು ಹಿಡಿದು ಒಂದೇ ಸಲ, ಚರ್ಮ ಎಳ್ಕೊಳ್ದೆ, ಒತ್ತದೆ. ಅಲ್ಲಲ್ಲಿ ನಾಲ್ಕು ಕೂದಲು ಉಳಿದ್ರೆ ಉಳೀಲಿ. ಸಲೂನಲ್ಲಿ "ಇನ್ನೊಂದ್ಸಲ ಉಲ್ಟಾ ಹೊಡೀಲಾ ಸಾರ್" ಅಂತಾರಲ್ಲ, ಬೇಡ ಅನ್ನು. ಐದಾರು ಶೇವಿಗೆ ಬ್ಲೇಡ್ ಬದಲಾಯ್ಸು. ಬ್ಲೇಡಲ್ಲಿ ಜಿಪುಣತನ ಮಾಡಿ ಔಷಧಿಗೆ ಸುರಿದಿರೋನು ನಾನು.

ಪಟಿಕ ಉಜ್ಜಬೇಡ, ಚರ್ಮ ಒಣಗಿಸತ್ತೆ. ಸ್ಪಿರಿಟ್ ಥರ ಚುರ್ ಅನ್ನೋ ಆಫ್ಟರ್ ಶೇವ್ ಅಂತೂ ಯಾರಿಗಾದ್ರೂ ಕೊಟ್ಬಿಡು. ತಣ್ಣೀರಲ್ಲಿ ತೊಳ್ದು, ಹಳೇ ಕಾಟನ್ ಪಂಚೆ ತುಂಡಲ್ಲಿ ಒತ್ತಿ ಒರ್ಸು, ಉಜ್ಜಬೇಡ. ತೇವ ಆರೋ ಮೊದ್ಲೇ, ಎರಡು ಮೂರು ನಿಮಿಷದೊಳಗೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚು. ದುಡ್ಡಿಲ್ಲ ಅಂದ್ರೆ ಬರೀ ಪೆಟ್ರೋಲಿಯಂ ಜೆಲ್ಲಿ, ಒಂದು ಕಡ್ಲೆಬೇಳೆ ಅಷ್ಟು ಸಾಕು. ರಜಾ ದಿನ ಬ್ಲೇಡಿಗೂ ರಜಾ.

ದೊಡ್ಡಮ್ಮಾ, ನಿಂಬೆರಸ ಮಾತ್ರ ಬೇಡ. ಅದನ್ನ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟ ಹಾಗೆ ಕಪ್ಪಾಗತ್ತೆ. ಇನ್ನು ಬದನೆಕಾಯಿ, ನಂಜು ಅಂತ ನೀವು ಹೇಳಿದ್ದಕ್ಕೆ ನಾನು ಎರಡು ವರ್ಷ ಬಿಟ್ಟಿದ್ದೆ, ಜ್ಞಾಪಕ ಇದ್ಯಾ? ಎಷ್ಟು ಮದುವೇಲಿ ಎಣ್ಣೆಗಾಯಿ ಮುಂದೆ ಕೈ ಕಟ್ಕೊಂಡು ಕೂತಿದ್ದೆ! ಕತ್ತು ಇದ್ದ ಹಾಗೇ ಇತ್ತು.

ಪುಟ್ಟಾ, ಇದೊಂದು ಮಾತ್ರ ಗಮನ ಇಟ್ಟು ಕೇಳು. ನೀರು ಒಸರೋದು, ಹಳದಿ ಹಕ್ಕಳೆ ಕಟ್ಟೋದು ಆದ್ರೆ ಕೀವು ಆಗ್ತಿದೆ ಅಂತ, ಕಾಯ್ಬೇಡ. ನೋವಿರೋ ಗುಳ್ಳೆ ಗುಂಪು ಗುಂಪಾಗಿ ಎದ್ದು ಜ್ವರ ಬಂದ್ರಂತೂ ಅವತ್ತೇ ಆಸ್ಪತ್ರೆಗೆ ಹೋಗು, ನೈಟ್ ಶಿಫ್ಟ್ ಆದ್ರೂ ಸರಿ.

ಸರಿ, ಇಲ್ಲಿ ಕುಕ್ಕರ್ ಕೂಗ್ತಿದೆ. ಆ ಟ್ಯೂಬಿನ ಹಿಂಭಾಗದ ಫೋಟೋ ಕಳ್ಸು, ಸಣ್ಣಕ್ಷರ ಕಾಣೋ ಹಾಗೆ. ನೀನು ಆಗ್ಲೇ ಅದನ್ನ ಹಚ್ತಿದ್ರೆ ಎಷ್ಟು ದಿನದಿಂದ ಅನ್ನೋದನ್ನೂ ಹೇಳು, ನಿಜ ಹೇಳು. ತುಂಬ ದಿನ ಆಗಿದ್ರೆ ನೀನಾಗೇ ನಿಲ್ಲಿಸ್ಬೇಡ, ಡಾಕ್ಟರ ಕೇಳಿ ನಿಧಾನವಾಗಿ ಬಿಡ್ಬೇಕು. ಶನಿವಾರ ನಂಗೂ ಬಿಡುವು, ಬೇಕಿದ್ರೆ ಇಬ್ರೂ ಹೋಗೋಣ.