ಸಹಾಯ ಬೇಕು: ಈರುಳ್ಳಿ ಬೇರಿನಲ್ಲಿ ಮೆಟಾಫೇಸ್ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮುಂದಿನ ವಾರ ಕೋಶವಿಭಜನೆಯ ಪ್ರಯೋಗವಿದೆ; ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಮೆಟಾಫೇಸ್ ಹಂತವನ್ನು ತೋರಿಸಬೇಕು. ಮೂರು ದಿನದಿಂದ ನಾನೇ ಸ್ಲೈಡ್ ಮಾಡಿ ಸೋಲುತ್ತಿದ್ದೇನೆ.

ಲೋಟದ ನೀರಿಗೆ ಬುಡ ತಾಗುವಂತೆ ಈರುಳ್ಳಿ ಇಟ್ಟೆ. ನಾಲ್ಕನೆಯ ದಿನಕ್ಕೆ ಬೇರು ಎರಡು ಸೆಂಟಿಮೀಟರ್ ಬಂತು. ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿ 24 ಗಂಟೆ ಅದರಲ್ಲಿ ಇರಿಸಿದೆ. ಬಳಿಕ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದು ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದೆ. ಕಂಡದ್ದೇನು? ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳು, ಒಳಗೆ ದುಂಡನೆಯ ಕೋಶಕೇಂದ್ರ. 16 ವರ್ಣತಂತುಗಳು ನಡುವೆ ಸಾಲಾಗಿ ನಿಂತ ಒಂದೇ ಒಂದು ಕೋಶವೂ ಇಲ್ಲ. ಒಮ್ಮೆ ಸಿಕ್ಕಿತೆಂದು ಹಿಗ್ಗಿದೆ. ಅದು ಬಣ್ಣದ ಗಸಿ!

ಬೇರು ಕತ್ತರಿಸಿದ್ದು ಸಂಜೆ, ಕಾಲೇಜು ಬಿಟ್ಟ ಮೇಲೆ. ಬೆಳಿಗ್ಗೆಯೇ ಕತ್ತರಿಸಬೇಕೆನ್ನುತ್ತಾರೆ, ಅಷ್ಟು ವ್ಯತ್ಯಾಸವಾಗುತ್ತದೆಯೇ? ಕೋಶಗಳ ಉದ್ದ ನೋಡಿದರೆ, ಕೋಶಗಳು ವಿಭಜನೆಯಾಗುವ ತುದಿಯ ಒಂದೆರಡು ಮಿಲಿಮೀಟರ್ ಬಿಟ್ಟು ಅದರ ಮೇಲಿನ ಭಾಗವನ್ನು ತೆಗೆದುಕೊಂಡೆನೇನೋ ಎಂಬ ಅನುಮಾನವೂ ಇದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಷ್ಟು ನಿಮಿಷ ಇಡುತ್ತೀರಿ? ಬಿಸಿ ಮಾಡುತ್ತೀರಾ? ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ. ಸಿದ್ಧ ಸ್ಲೈಡುಗಳ ಪೆಟ್ಟಿಗೆ ನಮ್ಮಲ್ಲೂ ಇದೆ, ಆ ಸಲಹೆ ಮಾತ್ರ ಬೇಡ.