ತೋಟದಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆ ಚೂರುಗಳು ನವಶಿಲಾಯುಗದವೇ?

ಪ್ರಶ್ನೆ (ಸೋಮವಾರಪೇಟೆ):
ನಮ್ಮ ಕಾಫಿ ತೋಟದ ಅಂಚಿನಲ್ಲಿ, ಊರವರು ಪಾಂಡವರ ಮನೆ ಎನ್ನುವ ಕಲ್ಲುಚಪ್ಪಡಿಗಳ ಪಕ್ಕದಲ್ಲೇ, ಗಿಡ ನೆಡಲು ಗುಂಡಿ ತೆಗೆಯುವಾಗ ಒಳಗೆ ಕಪ್ಪಗೂ ಹೊರಗೆ ಕೆಂಪಗೂ ಇರುವ ನುಣುಪಾದ ಮಡಕೆ ಚೂರುಗಳು ಸಿಕ್ಕಿವೆ. ಇವು ನವಶಿಲಾಯುಗದ ಕೊನೆಯ ಕಾಲದವೆಂದು ತಿಳಿಯಬಹುದೇ?

ಉತ್ತರ (ಮಡಿಕೇರಿ):
ಬಣ್ಣ ಮತ್ತು ಜಾಗ ಎರಡನ್ನೂ ನೋಡಿದರೆ ಅವು ನಂತರದ ಬೃಹತ್ ಶಿಲಾಯುಗಕ್ಕೆ, ಅಂದರೆ ಇಂಥ ದೊಡ್ಡ ಕಲ್ಲುಚಪ್ಪಡಿಗಳಿಂದ ಗೋರಿ ಕಟ್ಟುತ್ತಿದ್ದ, ಕಬ್ಬಿಣ ಬಳಕೆಗೆ ಬಂದ ಕಾಲಕ್ಕೆ ಸೇರಿರುವ ಸಂಭವವೇ ಹೆಚ್ಚು ಸರ್. ದಕ್ಷಿಣದ ನವಶಿಲಾಯುಗದ ಮಡಕೆಗಳು ಬಹುಮಟ್ಟಿಗೆ ಕೈಯಿಂದ ಮಾಡಿ, ಉಜ್ಜಿ ನಯಗೊಳಿಸಿದ ಬೂದು ಬಣ್ಣದವು. ನಮ್ಮ ಕಾವೇರಿಯೇ ಕಪಿಲೆಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಅಂಥವುಗಳ ಜೊತೆಗೆ ಸುಟ್ಟ ಮಣ್ಣಿನ ತಲೆದಿಂಬುಗಳೂ ದೊರೆತಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ನವಶಿಲಾಯುಗದ ಕಲ್ಲುಕೊಡಲಿ ಸಂಸ್ಕೃತಿಯ ಪದರದ ಮೇಲೆ ಬೃಹತ್ ಶಿಲಾಸಂಸ್ಕೃತಿಯ ಪದರ ಇರುವುದು ಸ್ಪಷ್ಟವಾಯಿತು.

ಉತ್ತರ (ವಿರಾಜಪೇಟೆ):
ಎರಡು ಬಣ್ಣ ಬಂದದ್ದು ಸುಡುವ ಕ್ರಮದಿಂದ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಆಮ್ಲಜನಕ ಸಿಗದ ಒಳಮೈಯೂ ಬಾಯಂಚೂ ಕಪ್ಪಾಗಿ, ಗಾಳಿ ತಗುಲುವ ಹೊರಮೈ ಕೆಂಪಾಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಕಂಠದ ಚೂರಿದ್ದರೆ ನೋಡಿ, ಕಪ್ಪು ಹೊರಮೈಗೂ ತುಸು ಇಳಿದಿರುತ್ತದೆ. ದಯವಿಟ್ಟು ಅಲ್ಲಿ ಇನ್ನು ಅಗೆಸಬೇಡಿ. ಯಾವ ಚೂರು ಯಾವ ಆಳದಲ್ಲಿ, ಯಾವುದರ ಜೊತೆ ಇತ್ತು ಎಂಬುದು ಕಳೆದುಹೋದರೆ ಅದರ ಕಾಲವನ್ನು ಹೇಳುವುದು ಬಹಳ ಕಷ್ಟ.

ಪ್ರಶ್ನೆ ಕೇಳಿದವರು:
ಗುಂಡಿ ತೆಗೆಯುವುದನ್ನು ನಿಲ್ಲಿಸಿದ್ದೇನೆ. ಫೋಟೋಗಳೊಡನೆ ಪುರಾತತ್ವ ಇಲಾಖೆಗೆ ಬರೆಯುತ್ತೇನೆ.