ಪಂಪ್ ಯಾವ ಗಂಟೆಗೆ ಓಡಿಸಬೇಕು? ಲೆಕ್ಕದಲ್ಲಿ ಬರುವ ತೊಡಕುಗಳು

ಪ್ರಶ್ನೆ: ಸರ್, ಎರಡು ಪಂಪು, ಒಂದು ಓವರ್‌ಹೆಡ್ ಟ್ಯಾಂಕ್. ಕರೆಂಟ್ ದರ ಹಗಲಿಗೊಂದು, ರಾತ್ರಿಗೊಂದು. ಖರ್ಚು ಅತಿ ಕಡಿಮೆ ಆಗುವಂತೆ ಲೆಕ್ಕ ಹಾಕುವ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ 24 ಗಂಟೆಯ ವೇಳಾಪಟ್ಟಿ ಮಾಡಿದರೆ ಕೆಲವು ಗಂಟೆ ಪಂಪು ‘0.37’ ಓಡಬೇಕು ಅಂತ ಬರುತ್ತೆ. ದಿನದ ಕೊನೆಗೆ ಟ್ಯಾಂಕೂ ತಳ ಕಾಣುತ್ತೆ. ಯಾಕೆ?

ಉತ್ತರ: ಟ್ಯಾಂಕ್ ವಿಷಯ ಸುಲಭ. ನಾಳೆ ಅನ್ನೋದು ಆ ಲೆಕ್ಕಕ್ಕೆ ಗೊತ್ತಿಲ್ಲ, ಹಾಗಾಗಿ ಇದ್ದ ನೀರನ್ನೆಲ್ಲ ಪುಕ್ಕಟೆ ಅಂತ ಖರ್ಚು ಮಾಡುತ್ತೆ. ಕೊನೆಯ ಮಟ್ಟ ಆರಂಭದ ಮಟ್ಟಕ್ಕಿಂತ ಕಡಿಮೆ ಇರಬಾರದು ಅನ್ನೋ ನಿರ್ಬಂಧ ಹಾಕಿ.

0.37 ಹೋಗಬೇಕಾದರೆ 0 ಅಥವಾ 1 ಮಾತ್ರ ಆಗುವ ಚರಾಂಶ ಬೇಕು. ಆದರೆ ಪಂಪಿಗೊಂದರಂತೆ ಕೊಟ್ಟು ಹರಿವನ್ನು ಕೂಡಿಸಬೇಡಿ, ಹೆಚ್ಚಿನವರು ಎಡವೋದೇ ಇಲ್ಲಿ. ಒಂದೇ ಪೈಪಿಗೆ ಎರಡೂ ಪಂಪು ನೂಕಿದಾಗ ಹರಿವು ದುಪ್ಪಟ್ಟಾಗಲ್ಲ. ಘರ್ಷಣೆಯ ನಷ್ಟ ಹರಿವಿನ 1.85ನೇ ಘಾತದಂತೆ ಏರುತ್ತೆ, ಆಗ ಪ್ರತಿ ಪಂಪಿನ ಹರಿವೂ ಇಳಿಯುತ್ತೆ. ಅದಕ್ಕೇ ಎರಡೂ ಬಂದ್, ಮೊದಲನೆಯದು, ಎರಡನೆಯದು, ಎರಡೂ ಚಾಲೂ ಎಂಬ ನಾಲ್ಕು ಸ್ಥಿತಿಗೆ ನಾಲ್ಕು ಚರಾಂಶ ಕೊಡಿ. ಪ್ರತಿ ಗಂಟೆ ಅವುಗಳ ಮೊತ್ತ 1. ಪ್ರತಿ ಸ್ಥಿತಿಯ ಹರಿವು, ಕಿಲೋವ್ಯಾಟ್ ಎರಡನ್ನೂ ಮೀಟರ್ ಇಟ್ಟೇ ಅಳೆಯಿರಿ. ಒಟ್ಟು 96 ಚರಾಂಶ. ಇಷ್ಟು ಲೆಕ್ಕ ಉಚಿತ ಸಾಲ್ವರ್‌ಗಳಿಗೂ (ಇಂಥ ಲೆಕ್ಕ ಬಿಡಿಸುವ ತಂತ್ರಾಂಶ) ಭಾರವಲ್ಲ.

ಅಳೆಯುವಾಗ ಇದನ್ನೂ ನೋಡಿ: ಗಂಟೆಗೆ 360 ಘನ ಮೀಟರ್ ನೀರನ್ನು (ಏರಿಸುವ ಎತ್ತರ, ಘರ್ಷಣೆಯ ನಷ್ಟ ಸೇರಿ) 50 ಮೀಟರ್ ಹೆಡ್‌ಗೆ ಏರಿಸಲು ನೀರಿಗೆ ಸೇರಬೇಕಾದ ಶಕ್ತಿ ಸುಮಾರು 49 ಕಿಲೋವ್ಯಾಟ್. ಮೋಟರ್ ಸೇರಿ ದಕ್ಷತೆ ಶೇ. 70 ಇದ್ದರೆ ಕರೆಂಟ್ ಮೀಟರ್ 70 ಕಿಲೋವ್ಯಾಟ್ ತೋರಿಸಬೇಕು. 85 ತೋರಿಸಿದರೆ ದಕ್ಷತೆ ಶೇ. 58ಕ್ಕೆ ಇಳಿದಿದೆ. ಮೊದಲು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ನೂಕುವ ಚಕ್ರ) ಬಿಚ್ಚಿ ನೋಡಿ, ವೇಳಾಪಟ್ಟಿ ಆಮೇಲೆ.

ಪ್ರಶ್ನೆ: ಬೇಡಿಕೆ ದಿಢೀರ್ ಏರಿದ ದಿನ ಸಾಲ್ವರ್ ‘ಪರಿಹಾರವಿಲ್ಲ’ ಅನ್ನುತ್ತೆ. ಪಂಪೂ ಪದೇಪದೇ ಆನ್-ಆಫ್ ಆಗುತ್ತೆ.

ಉತ್ತರ: ಕನಿಷ್ಠ ಮಟ್ಟ ಎರಡು ಇರಲಿ. ಬೆಂಕಿ ಆರಿಸಲು ಮೀಸಲಿಟ್ಟ ನೀರಿನ ಗೆರೆ ಗಟ್ಟಿ. ಅದರ ಮೇಲಿನ ಗೆರೆ ದಾಟಬಹುದು, ಆದರೆ ಪ್ರತಿ ಘನ ಮೀಟರಿಗೆ ಕರೆಂಟ್ ಖರ್ಚಿಗಿಂತ ಎಷ್ಟೋ ಪಟ್ಟು ದಂಡವನ್ನು ಲೆಕ್ಕದಲ್ಲಿ ಸೇರಿಸಿ. ಹಿಂದಿನ ಗಂಟೆ ಬಂದ್ ಇದ್ದು ಈಗ ಚಾಲೂ ಆದರೆ ಒಂದು ಸ್ಟಾರ್ಟ್ ಅಂತ ಎಣಿಸಿ, ದಿನದ ಮಿತಿ ಹಾಕಿ. ಇಲ್ಲದಿದ್ದರೆ ಮೋಟರ್ ವೈಂಡಿಂಗ್ ಬಿಸಿಯಾಗುತ್ತೆ, ಪೈಪಿಗೆ ವಾಟರ್ ಹ್ಯಾಮರ್ (ಹರಿವು ದಿಢೀರ್ ಬದಲಾದಾಗ ಏಳುವ ಒತ್ತಡದ ಅಲೆ) ಪೆಟ್ಟು.

ಗಂಟೆಗೊಮ್ಮೆ ನಿಜವಾದ ಮಟ್ಟ ಓದಿ ಮುಂದಿನ 24 ಗಂಟೆಗೆ ಮತ್ತೆ ಲೆಕ್ಕ ಬಿಡಿಸಿ, ಮೊದಲ ಗಂಟೆಯದನ್ನಷ್ಟೇ ಜಾರಿ ಮಾಡಿ. ಹೀಗೆ ಮಾಡುವಾಗ ಮೇಲೆ ಹೇಳಿದ ಕೊನೆಯ ಮಟ್ಟದ ನಿರ್ಬಂಧ ಬದಲಿಸಲೇಬೇಕು. ಆರಂಭದ ಮಟ್ಟಕ್ಕೆ ಕಟ್ಟಿಟ್ಟರೆ, ಒಮ್ಮೆ ಇಳಿದ ಟ್ಯಾಂಕ್ ಅಲ್ಲೇ ಉಳಿದರೂ ಲೆಕ್ಕ ಒಪ್ಪಿಬಿಡುತ್ತೆ. ಬದಲಿಗೆ ಬೆಳಗಿನ ಬಳಕೆ ಶುರುವಾಗುವ ಹೊತ್ತಿಗೆ ಇಂತಿಷ್ಟು ಇರಲೇಬೇಕು ಅಂತ ನಿಗದಿ ಮಾಡಿ. ಜಾರಿಗೆ ಮುಂಚೆ, ಪೈಪ್ ಜಾಲದ ಹರಿವು-ಒತ್ತಡ ಲೆಕ್ಕ ಹಾಕುವ ತಂತ್ರಾಂಶ ಎಪಾನೆಟ್‌ನಲ್ಲಿ ಓಡಿಸಿ, ಅತಿ ಎತ್ತರದ ಮತ್ತು ಅತಿ ದೂರದ ಜಾಗಗಳಲ್ಲಿ ಒತ್ತಡ ಸಾಕಷ್ಟಿದೆಯಾ ನೋಡಿಕೊಳ್ಳಿ.